ನಲವತ್ತೊಂದು ಸಹಿ ಹೊತ್ತು ಮ್ಯೂನಿಕ್‌ಗೆ

ದಾಂಡೇಲಿ

ಪರದೇಶಕ್ಕೆ ಹೋಗಿ ಬಂದವರು ಹಿಮ, ಸೇತುವೆ, ಅರಮನೆ ಅಂತ ಬರೀತಾರೆ. ಹನ್ನೊಂದು ದಿನ ಜರ್ಮನಿಯಲ್ಲಿ ಇದ್ದು ನಾನು ನೋಡಿದ್ದು ಹೆಚ್ಚಾಗಿ ಕಾಯುವ ಕೋಣೆಗಳ ಕುರ್ಚಿ. ನಾನು ಹೋಗಿದ್ದು ಊರು ನೋಡಲಿಕ್ಕೆ ಅಲ್ಲ, ನನ್ನ ತಮ್ಮ ಈರಣ್ಣನಿಗೆ ಬಾಯಿಯಾಗಿ. ಅವನಿಗೆ ಇಂಗ್ಲಿಷ್ ಬರೂದಿಲ್ಲ. ನಾನು ಬಂಗೂರನಗರದ ಹೈಸ್ಕೂಲಿನಲ್ಲಿ ಅದನ್ನೇ ಕಲಿಸುವವಳು. ಜರ್ಮನಿಯವರಿಗೂ ಇಂಗ್ಲಿಷ್ ಸರಿಯಾಗಿ ಬರೂದಿಲ್ಲ ಅನ್ನೋದು ಹೋದ ಮೇಲೆ ಗೊತ್ತಾಗಿ ಬಹಳ ಸಮಾಧಾನ ಆತು.

ಈರಣ್ಣನದು ಬಸ್ ಸ್ಟ್ಯಾಂಡ್ ಹತ್ತಿರ ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿ ಅಂಗಡಿ. ನಮ್ಮ ಅಪ್ಪ ಧಾರವಾಡದ ಕಡೆಯಿಂದ ಪೇಪರ್ ಮಿಲ್ಲಿನ ಕೆಲಸಕ್ಕೆ ಬಂದವರು. ಮಗನೂ ಮಿಲ್ ಸೇರಲಿ ಅಂತ ತಲೆ ಚಚ್ಚಿಕೊಂಡರು. ಅಂವ ಸೇರಲಿಲ್ಲ. ಸೋಲ್ಡರಿಂಗ್ ಹೊಗೆ ಕುಡಿದುಕೊಂಡು, ಮಂದಿಯ ಕೆಟ್ಟ ಸೆಟ್ಟುಗಳ ನಡುವೆ ಕೂತ.

ನಮ್ಮಲ್ಲಿ ಕರೆಂಟ್ ಹೋಗೋದು ನಿಮಗೆ ಹೇಳಬೇಕಾಗಿಲ್ಲ. ಟೇಪ್ ಹಾಡುತ್ತಿರುವಾಗ ಕರೆಂಟ್ ಹೋದರೆ ಒಳಗಿನ ರಬ್ಬರ್ ಗಾಲಿ ಟೇಪನ್ನು ಹಾಗೇ ಒತ್ತಿ ಹಿಡಿದಿರುತ್ತದೆ. ಗಂಟೆಗಟ್ಟಲೆ ಹಾಗೆ ಇದ್ದು, ಕರೆಂಟ್ ಬಂದ ಕೂಡಲೇ ಮೋಟಾರು ದಡಕ್ಕನೆ ಎಳೆದು ಟೇಪನ್ನೆಲ್ಲ ಶಾವಿಗೆ ಮಾಡಿ ಗಾಲಿಗೆ ಸುತ್ತಿಬಿಡುತ್ತದೆ. ಈರಣ್ಣ ಇದಕ್ಕೊಂದು ಉಪಾಯ ಮಾಡಿದ. ಸೆಟ್ ಓಡುತ್ತಿರುವಾಗ ಒಂದಿಷ್ಟು ವಿದ್ಯುತ್ ಕೂಡಿಡೋದು, ಕರೆಂಟ್ ಹೋದ ಕ್ಷಣ ಆ ಕೂಡಿಟ್ಟದ್ದೇ ಒಂದು ಪುಟ್ಟ ಅಯಸ್ಕಾಂತವನ್ನು ಒದ್ದು, ಒತ್ತಿದ ಗುಂಡಿಯನ್ನು ಮೇಲೆಬ್ಬಿಸೋದು. ಟಪ್ ಅಂತ ಸಪ್ಪಳ. ಮಂದಿ ಅದಕ್ಕೆ ಟಪ್ ಅಂತಲೇ ಹೆಸರಿಟ್ಟರು. ನಾಲ್ಕು ವರ್ಷದಲ್ಲಿ ಹಳಿಯಾಳ, ಜೋಯಿಡಾ, ಮುಂಡಗೋಡದಿಂದೆಲ್ಲ ಸೆಟ್ಟುಗಳು ಬಸ್ಸು ಹತ್ತಿ ಬಂದು ಟಪ್ ಹಾಕಿಸಿಕೊಂಡು ಹೋದವು. ಕೇಳಿದವರಿಗೆಲ್ಲ ಈರಣ್ಣ ಒಳಗೆ ಬಿಚ್ಚಿ ತೋರಿಸಿದ. ಹಳಿಯಾಳದ ಮೌಲಾಸಾಬ ಅನ್ನೋ ಮೆಕ್ಯಾನಿಕ್ ಇಡೀ ದಿನ ಕೂತು ಕಲಿತುಕೊಂಡು, ಚಹಾ ಕುಡಿದು ಹೋದ.

ಮಿಲ್ಲಿಗೆ ಒಂದು ದೊಡ್ಡ ಯಂತ್ರ ಕೂಡಿಸಲಿಕ್ಕೆ, ನಾವು ಹೋಗೋದಕ್ಕೆ ಮೂರು ವರ್ಷ ಮೊದಲು, ಡೀಟರ್ ಸಾಹೇಬರು ಅಂತ ಜರ್ಮನಿಯ ಇಂಜಿನಿಯರು ಬಂದು ಎಂಟು ತಿಂಗಳು ಗೆಸ್ಟ್ ಹೌಸಿನಲ್ಲಿದ್ದರು. ಅವರ ಸೆಟ್ಟೂ ಶಾವಿಗೆ ಮಾಡಿತು. ಅವರಿಗೂ ಟಪ್ ಬಿತ್ತು. ಊರಿಗೆ ಹೋದವರು ಒಂದು ದಿನ ಇದ್ದಕ್ಕಿದ್ದಂತೆ ತಾರು ಕಳಿಸಿದರು. ಕೂಡಲೇ ಬರ್ರಿ, ಇಲ್ಲಿ ಪೇಟೆಂಟ್ ಅರ್ಜಿ ಹಾಕಬೇಕು, ಟಿಕೀಟು ನಾನು ಕಳಿಸ್ತೇನೆ ಅಂತ. ಪೇಟೆಂಟ್ ಅಂದರೆ ಈ ವಸ್ತು ಮೊದಲು ಮಾಡಿದವನು ಇವನೇ, ಬೇರೆಯವರು ಇವನನ್ನು ಕೇಳದೆ ಮಾಡಬಾರದು ಅಂತ ಸರಕಾರ ಬರೆದು ಕೊಡೋ ಕಾಗದ. ಈರಣ್ಣನಿಗೆ ಎರಡನೆಯ ಮಾತು ತಲೆಗೇ ಹೋಗಲಿಲ್ಲ. ಮೊದಲನೆಯದು ಕೇಳಿ ಮಾರಿ ಅರಳಿತು.

"ನನ್ನ ಹೆಸರು ಛಾಪಸ್ತಾರೇನಕ್ಕಾ?" ಅಂದ.

"ಛಾಪಸ್ತಾರಪ್ಪಾ, ಜರ್ಮನ್ ಅಕ್ಷರದಾಗ."

ಹದಿನೈದು ವರ್ಷ ಮಂದಿಯ ಸೆಟ್ಟಿನ ಮೇಲೆ ಮಂದಿಯ ಕಂಪನಿಯ ಹೆಸರು ಓದಿದವನು. ಅವನಿಗೆ ಬೇಕಾಗಿದ್ದು ಇಷ್ಟೇ.

ಮುಂದಿನ ಕೆಲಸ ನನ್ನದು. ನಮ್ಮಲ್ಲಿ ಸರ್ಟಿಫಿಕೇಟ್ ಇಲ್ಲದಿದ್ದರೆ ಹುಟ್ಟಿದ್ದೂ ಸುಳ್ಳು. ಬರಿಗೈಲೆ ಹೋಗಿ "ಇದು ನಮ್ಮದು" ಅಂದರೆ ಯಾರು ನಂಬ್ತಾರೆ? ಸ್ಟಾಂಪ್ ಪೇಪರಿನ ಮೇಲೆ ಇಂಗ್ಲಿಷಿನಲ್ಲಿ ನಾನೇ ಪ್ರಮಾಣಪತ್ರ ಬರೆದೆ. ಈ ಉಪಕರಣವನ್ನು ನಾವೆಲ್ಲ ನಾಲ್ಕು ವರ್ಷದಿಂದ ನಿತ್ಯ ಬಳಸುತ್ತಿದ್ದೇವೆ, ಒಮ್ಮೆಯೂ ತಪ್ಪಿಲ್ಲ, ಯಾರು ಬಂದು ಕೇಳಿದರೂ ಸದರಿ ಮೆಕ್ಯಾನಿಕ್ ಮುಚ್ಚುಮರೆಯಿಲ್ಲದೆ ಒಳಗಿನ ರಚನೆಯನ್ನು ತೋರಿಸಿ ವಿವರಿಸುತ್ತಾರೆ ಅಂತ. ರಜೆಯಲ್ಲಿ ಬಸ್ಸು ಹತ್ತಿ ಮೂರೂ ತಾಲೂಕು ಅಡ್ಡಾಡಿದೆ. ಹಳಿಯಾಳ ಕಡೆಯ ಹಳ್ಳಿಯ ಅಂತೋನ ಸಿದ್ದಿ ಹೊಲದಿಂದ ಬಂದು, ಕೈ ತೊಳೆದುಕೊಂಡು, ನನ್ನ ವಿದ್ಯಾರ್ಥಿಗಳು ನಾಚುವಂಥ ಅಕ್ಷರದಲ್ಲಿ ಪೂರ್ತಿ ಹೆಸರು ಬರೆದ. ಅನಮೋಡ ನಾಕಾದ ಗುಮಾಸ್ತರು ಲಾರಿ ನಿಲ್ಲಿಸಿಟ್ಟು ಸಹಿ ಹಾಕಿದರು. ಅತ್ತಿವೇರಿಯಲ್ಲಿ ಹಕ್ಕಿಯ ದನಿ ಟೇಪ್ ಮಾಡುವ ಮಾಸ್ತರರು ಪದವಿ ಸಮೇತ ಹಾಕಿದರು. ಬಸ್ ಸ್ಟ್ಯಾಂಡಿನ ಚಹಾದಂಗಡಿಯವರು ಹೆಬ್ಬೆಟ್ಟು ಒತ್ತಿದರು. ಒಟ್ಟು ನಲವತ್ತೊಂದು. ಕೊನೆಗೆ ಹೆಡ್ಮಾಸ್ತರರಿಂದ ಶಾಲೆಯ ಮೊಹರು, ಗುಂಡು ಶಿಕ್ಕಾ. ಸರ್ಟಿಫಿಕೇಟನ್ನು ಟ್ರಂಕಿನಲ್ಲಿ ರೇಷ್ಮೆ ಸೀರೆಯ ಮಡಿಕೆಯೊಳಗೆ ಇಟ್ಟುಕೊಂಡೆ.

ಮುಂಬಯಿ

ವಿಮಾನ ನಿಲ್ದಾಣದಲ್ಲಿ ನಮ್ಮನ್ನು ತಡೆದರು. ಈರಣ್ಣ ಟಪ್ ಮಾಡೋದು ಹಲ್ಲುಪುಡಿ ಡಬ್ಬಿಯಲ್ಲಿ. ಡಬ್ಬಿಯಿಂದ ಎರಡು ವಾಯರು ಹೊರಗೆ ಇಣುಕುತ್ತಿದ್ದವು. ಅಂಥದ್ದನ್ನ ನೋಡಿದರೆ ಯಾವ ಪೊಲೀಸ್ ಸುಮ್ಮನಿರುತ್ತಾನೆ?

"ಇದೇನು?"

"ಹಲ್ಲುಪುಡಿ ಅಲ್ರಿ," ಅಂದ ಈರಣ್ಣ, ಕೇಳುವ ಮೊದಲೇ.

ನಾನು ಸರ್ಟಿಫಿಕೇಟ್ ಬಿಚ್ಚಿದೆ. ಅಧಿಕಾರಿ ಎರಡು ಪುಟ ಓದಿದ, ಶಿಕ್ಕಾದ ಮೇಲೆ ಬೆರಳಾಡಿಸಿದ, ನೆಟ್ಟಗೆ ನಿಂತು "ಹೋಗ್ರಿ" ಅಂದ. ಕಾಗದದ ಶಕ್ತಿ ನೋಡಿದೆಯೇನೋ ಅಂತ ನಾನು ತಮ್ಮನಿಗೆ ವಿಮಾನ ಏಳುವವರೆಗೂ ಹೇಳಿದೆ.

ಮ್ಯೂನಿಕ್, ಮೊದಲ ಮೂರು ದಿನ

ಡೀಟರ್ ಸಾಹೇಬರ ಹೆಂಡತಿ ಉರ್ಸುಲಾಬಾಯಿ. ಹೆಸರಿಗೆ ಬಾಯಿ ಸೇರಿಸಿದ್ದು ನಾನೇ. ಅವರು ಬೇಡ ಅನ್ನಲಿಲ್ಲ. ಮನೆ ಎಷ್ಟು ಸ್ವಚ್ಛ ಅಂದರೆ ಉಸಿರು ಬಿಡಲಿಕ್ಕೂ ಅಪ್ಪಣೆ ಕೇಳಬೇಕು ಅನ್ನಿಸುತ್ತಿತ್ತು. ಬೆಳಿಗ್ಗೆ ತಣ್ಣನೆ ರೊಟ್ಟಿ, ರಾತ್ರಿಯೂ ತಣ್ಣನೆ ರೊಟ್ಟಿ. ನಡುವೆ ಬಿಸಿ ಇದ್ದದ್ದು ಸ್ನಾನದ ನೀರೊಂದೇ.

ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ, ಗಾಡಿ ಇಲ್ಲ. ಆದರೂ ಕೆಂಪು ದೀಪ ಹತ್ತಿದೆ ಅಂತ ಏಳೆಂಟು ಮಂದಿ ಕೈ ಕಟ್ಟಿ ನಿಂತಿದ್ದರು. ನಾವಿಬ್ಬರು ದಾಟಿದೆವು. ಆ ಕಡೆಯಿಂದ ಒಬ್ಬ ಅಜ್ಜಿ ಕೋಲು ಎತ್ತಿ ಏನೋ ಒದರಿದಳು. ಬೈಗುಳ ಅನ್ನೋದು ಭಾಷೆ ಬರದಿದ್ದರೂ ತಿಳೀತದೆ. ದಾಂಡೇಲಿಯಲ್ಲಿ ಎಮ್ಮೆಗೆ ದಾರಿ ಬಿಡೋದಕ್ಕೂ ನಾವು ಇಷ್ಟು ಶಿಸ್ತಾಗಿ ನಿಂತವರಲ್ಲ.

ಎರಡನೆಯ ದಿನ ಆ ಓಣಿಯವರು ಬೇಡವಾದ ಸಾಮಾನುಗಳನ್ನು ರಸ್ತೆಯ ಬದಿಗೆ ಇಟ್ಟಿದ್ದರು. ವರ್ಷಕ್ಕೆ ಇಂತಿಷ್ಟು ಸಲ ಮುನಸಿಪಾಲಟಿ ಗಾಡಿ ಬಂದು ಒಯ್ಯುತ್ತದಂತೆ. ಈರಣ್ಣ ವಾಕಿಂಗ್ ಹೋದವನು ಎರಡು ರೇಡಿಯೊ, ಒಂದು ಟೇಪ್ ರೆಕಾರ್ಡರ್ ಎತ್ತಿಕೊಂಡು ಬಂದ. ಕಣ್ಣಲ್ಲಿ ನೀರು.

"ಅಕ್ಕಾ, ಜೀವ ಇದ್ದ ಸೆಟ್ ಬೀದಿಗೆ ಹಾಕ್ಯಾರ! ಒಂದು ಬೆಲ್ಟ್ ಬದಲಿ ಮಾಡಿದ್ರ ಹತ್ತು ವರ್ಷ ಓಡ್ತೈತಿ!"

ಉರ್ಸುಲಾಬಾಯಿ ಬಾಗಿಲಲ್ಲೇ ತಡೆದರು. ಕಸ ಒಳಗೆ ಬರುವಂತಿಲ್ಲ. ಈರಣ್ಣ ಮೆಟ್ಟಿಲ ಮೇಲೆ ಕೂತು, ಜೇಬಿನ ಸ್ಕ್ರೂಡ್ರೈವರಿನಿಂದಲೇ ಮೂರನ್ನೂ ಸರಿ ಮಾಡಿ, ಮತ್ತೆ ಇದ್ದಲ್ಲೇ ಇಟ್ಟು ಬಂದ. ಸಂಜೆ ಗಾಡಿ ಬಂದು ಓಡುವ ಮೂರು ಸೆಟ್ಟುಗಳನ್ನೂ ಅರೆದು ನುಂಗಿತು. ಇಷ್ಟೆಲ್ಲ ಹೊಸತು ಕಂಡುಹಿಡಿಯುವವರಿಗೆ ಹಳೆಯದನ್ನು ರಿಪೇರಿ ಮಾಡಿಸೋದು ಮಾತ್ರ ಇನ್ನೂ ಹೊಳೆದಿಲ್ಲ.

ಅವನನ್ನು ಹೆಚ್ಚು ಕಾಡಿದ್ದು ಕರೆಂಟ್. ಮೂರು ದಿನವಾದರೂ ಒಮ್ಮೆಯೂ ಹೋಗಲಿಲ್ಲ. ದೀಪದ ಕೆಳಗೆ ಕೂತು ಅದನ್ನೇ ನೋಡುತ್ತಿದ್ದ.

"ಇವರಿಗೆ ನಮ್ಮ ಟಪ್ ಯಾಕ ಬೇಕಕ್ಕಾ? ಇಲ್ಲಿ ಕರೆಂಟ್ ಸಾಯೂದೇ ಇಲ್ಲ."

"ನೀ ಸುಮ್ನಿರು. ಪ್ಲಗ್ ಕಿತ್ತು ತೋರಸೂಣು," ಅಂದೆ.

ವಕೀಲರ ಕೋಣೆ

ಪೇಟೆಂಟ್ ಅರ್ಜಿ ಬರೆಯೋದಕ್ಕೇ ಅಲ್ಲಿ ಬೇರೆ ವಕೀಲರಿದ್ದಾರೆ. ನಾಲ್ಕನೆಯ ದಿನ ಡೀಟರ್ ಸಾಹೇಬರು ನಮ್ಮನ್ನು ಬಾಗಿಲವರೆಗೆ ಬಿಟ್ಟು, ತಾವು ಒಳಗೆ ಬರದೆ ಹೋದರು. ವಕೀಲರು ಎತ್ತರದ ಮುದುಕರು, ಮಾತು ಅಳೆದು ಆಡುವವರು. ಈರಣ್ಣ ಊರಿಂದ ತಂದ ಸೆಟ್ಟಿಗೆ ಡಬ್ಬಿ ಕೂಡಿಸಿ, ಅಂತೋನ ಸಿದ್ದಿಯ ಮಂದಿ ಡೋಲು ಬಾರಿಸಿ ಹಾಡುವ ಡಮಾಮಿಯ ಟೇಪ್ ಹಾಕಿದ. ಡೋಲಿನ ಸಪ್ಪಳಕ್ಕೆ ಕಪಾಟಿನ ಗಾಜು ನಡುಗಿತು. ನಡುವೆ ಪ್ಲಗ್ ಕಿತ್ತ. ಟಪ್.

ವಕೀಲರ ಹುಬ್ಬು ಮೇಲೆ ಹೋಯಿತು. ಎದ್ದು ಬಂದು ತಾವೇ ಪ್ಲಗ್ ಹಾಕಿ ಕಿತ್ತರು. ಟಪ್. ಮತ್ತೆ ಕಿತ್ತರು. ಹುಡುಗರ ಹಾಗೆ ಐದಾರು ಸಲ ಮಾಡಿದರು.

"ಬಹಳ ಸರಳ, ಬಹಳ ಚೆಂದ," ಅಂದರು. "ಇದನ್ನು ಯಾರಿಗಾದರೂ ತೋರಿಸಿದ್ದೀರಾ?"

ನಾನು ಕನ್ನಡದಲ್ಲಿ ಹೇಳಿದೆ. ಈರಣ್ಣ ಎದೆ ಉಬ್ಬಿಸಿ, "ಇದೇನ್ ಕೇಳ್ತಾರಕ್ಕಾ? ಎಲ್ಲಾರಿಗೂ ತೋರಸೇನಿ ಅಂತ ಹೇಳು," ಅಂದ.

ನಾನು ಬರೀ ಹೇಳಿ ಬಿಡುವವಳೇ? ಸರ್ಟಿಫಿಕೇಟ್ ತೆಗೆದು ಮೇಜಿನ ಮೇಲೆ ಎರಡೂ ಕೈಯಿಂದ ಹರಡಿದೆ. ಅವರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದರು.

"ಇದನ್ನು ಬರೆದವರು ಯಾರು?"

"ನಾನೇ."

"ತುಂಬಾ ಚೆನ್ನಾಗಿ ಬರೆದಿದ್ದೀರಿ, ತಾಯಿ. ಒಂದು ಪೇಟೆಂಟನ್ನು ಇಷ್ಟು ಪೂರ್ತಿಯಾಗಿ ಕೊಂದ ಕಾಗದವನ್ನು ನಾನು ಈವರೆಗೆ ನೋಡಿಲ್ಲ."

ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ಪೇಟೆಂಟ್ ಸಿಗೋದು ಹೊಸ ವಸ್ತುವಿಗೆ. ಹೊಸದು ಅಂದರೆ ಅರ್ಜಿ ಹಾಕುವ ಮೊದಲು ಪ್ರಪಂಚದಲ್ಲಿ ಎಲ್ಲೂ, ಯಾರಿಗೂ ಬಹಿರಂಗ ಆಗಿರಬಾರದು. ನಾಲ್ಕು ವರ್ಷ, ನಲವತ್ತೊಂದು ಮಂದಿ, ಕೇಳಿದವರಿಗೆಲ್ಲ ಬಿಚ್ಚಿ ತೋರಿಸಿದ್ದು: ಅಂದಮೇಲೆ ಇದು ಹಳೆಯದು.

"ಅದು ಹಳಿಯಾಳದಲ್ಲಿ ತೋರಿಸಿದ್ದು ಸ್ವಾಮಿ, ಇಲ್ಲಲ್ಲ," ಅಂದೆ.

"ಹಳಿಯಾಳವೂ ಪ್ರಪಂಚದಲ್ಲೇ ಇದೆಯಲ್ಲವೆ?"

ಇದೆ ಅಂತ ನಮಗೆ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ಈಗ ಹೇಳಿದ್ದು ನಮ್ಮ ಕೈಯಿಂದ ಕಸಿಯೋದಕ್ಕೆ. ಯಾರಿಗೂ ಉಪಯೋಗ ಆಗದಂತೆ ನೆಲಮಾಳಿಗೆಯಲ್ಲಿ ಬಚ್ಚಿಟ್ಟಿದ್ದರೆ ಹೊಸದು; ಮೂರು ತಾಲೂಕಿಗೆ ಉಪಯೋಗ ಆಗಿದ್ದಕ್ಕೆ ಹಳೆಯದು. ಇಂಥ ಕಾನೂನು ಬರೆದವರಿಗೆ ನೆರೆಹೊರೆ ಅನ್ನೋದು ಇರಲಿಕ್ಕಿಲ್ಲ.

ವಕೀಲರು ಅಷ್ಟಕ್ಕೇ ಬಿಡಲಿಲ್ಲ. ಕಪಾಟಿನಿಂದ ಒಂದು ಛಾಪಿಸಿದ ಕಾಗದ ತೆಗೆದರು. ಅಲ್ಲಿಯದೇ ಒಂದು ಟೇಪ್ ರೆಕಾರ್ಡರ್ ಕಂಪನಿ ಎರಡು ವರ್ಷದ ಹಿಂದೆ ಅರ್ಜಿ ಹಾಕಿತ್ತು. ಚಿತ್ರ ನೋಡಿ ಈರಣ್ಣನಿಗೆ ಅನುವಾದ ಬೇಕಾಗಲಿಲ್ಲ. ಡಬ್ಬಿ ಒಂದು ಬಿಟ್ಟು ಎಲ್ಲ ಅವನದೇ. ಉಪಯೋಗ ಏನು ಅನ್ನೋ ಕಡೆ ಬರೆದಿದ್ದರು: ವಿದ್ಯುತ್ ಪದೇ ಪದೇ ಕಡಿತವಾಗುವ ಉಷ್ಣ ದೇಶಗಳಿಗೆ ರಫ್ತು ಮಾಡುವ ಯಂತ್ರಗಳಿಗಾಗಿ. ಈರಣ್ಣ ದೀಪದ ಕೆಳಗೆ ಕೂತು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು. ಕರೆಂಟ್ ಹೋಗೋದು ನಮ್ಮದು, ಬುದ್ಧಿ ಅವರದು, ಮಾರೋದು ಮತ್ತೆ ನಮಗೇ!

ಡೀಟರ್ ಸಾಹೇಬರ ಮನೆ

ಆ ದಿನ ಮಧ್ಯಾಹ್ನದ ಊಟಕ್ಕೆ ನಾನು ಕೈ ಹಾಕಲಿಲ್ಲ. ಡೀಟರ್ ಸಾಹೇಬರ ಕಿವಿ ಕೆಂಪಾಗಿದ್ದವು. ತಾವಾಗಿಯೇ ಹೇಳಿದರು. ಊರಿಗೆ ಮರಳಿದ ವರ್ಷ ಉರ್ಸುಲಾಬಾಯಿಯ ಹುಟ್ಟುಹಬ್ಬದ ಊಟದಲ್ಲಿ ದಾಂಡೇಲಿಯ ಕತೆ ಹೇಳುತ್ತ, ಹಲ್ಲುಪುಡಿ ಡಬ್ಬಿಯ ವಿಷಯ ಬಂತು. ಕಾಗದದ ಕರವಸ್ತ್ರದ ಮೇಲೆ ಚಿತ್ರ ಬರೆದು ತೋರಿಸಿದರು. ಉರ್ಸುಲಾಬಾಯಿಯ ತಮ್ಮ ಅದೇ ಕಂಪನಿಯ ಇಂಜಿನಿಯರು. ಕರವಸ್ತ್ರ ಅವನ ಜೇಬಿಗೆ ಹೋದದ್ದು ಯಾರೂ ನೋಡಲಿಲ್ಲ. ಮೊನ್ನೆ ಅರ್ಜಿ ಛಾಪಾದಾಗಲೇ ಇವರಿಗೆ ಗೊತ್ತಾಗಿ, ಈರಣ್ಣನೂ ಅರ್ಜಿ ಹಾಕಿದರೆ ತಪ್ಪು ಸರಿಹೋದೀತು ಅಂತ ತಾರು ಕಳಿಸಿದ್ದು.

"ನಾನು ಹೊಗಳಿಯೇ ಹೇಳಿದ್ದೆ," ಅಂದರು.

ನಮ್ಮ ಮನೆಯ ಜೋಳದ ರೊಟ್ಟಿ ತಿಂದು, ಎಣಗಾಯಿಗೆ ಬೆವರು ಒರೆಸಿಕೊಂಡು ಇನ್ನೊಂದು ಹಾಕ್ರಿ ಅಂದ ಮನುಷ್ಯ! ಬಾಯಿಗೆ ಬಂದದ್ದನ್ನೆಲ್ಲ ಕನ್ನಡದಲ್ಲಿ ಅಂದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು.

ಈರಣ್ಣ ನನ್ನ ಸೆರಗು ಜಗ್ಗಿದ. "ಬಿಡಕ್ಕಾ. ನಾನೂ ನೂರು ಮಂದಿಗೆ ಹೇಳೇನಿ. ಇವರೊಬ್ಬರಿಗೇ ಹೆಂಗ ಬೈಯೂದು?"

ಕಂಪನಿ

ನಾವು ಬಂದ ಸುದ್ದಿ ಉರ್ಸುಲಾಬಾಯಿಯ ತಮ್ಮನಿಗೆ ಮುಟ್ಟಿ, ಆರನೆಯ ದಿನ ಕಂಪನಿಯಿಂದ ಕಾರು ಬಂತು. ನಮ್ಮ ಮನೆಯಲ್ಲಿ ಮಾವಿನಹಣ್ಣು ಇಡುವಂಥ ಬುಟ್ಟಿಯಲ್ಲಿ ಬಿಸ್ಕೀಟು ಇಟ್ಟಿದ್ದರು. ಎದುರು ಕೂತ ಸಾಹೇಬ ನಕ್ಕಾಗ ಹಲ್ಲು ಮಾತ್ರ ನಗುತ್ತಿದ್ದವು. ವಕೀಲರಿಗೆ ತೋರಿಸಿದ ಪ್ರಮಾಣಪತ್ರದ ವಿಷಯ ಅವನಿಗೆ ಹೇಗೋ ಗೊತ್ತಿತ್ತು. ಡೀಟರ್ ಸಾಹೇಬರ ಬಾಯಿ ಎಷ್ಟು ಸಡಿಲ ಅಂತ ಮತ್ತೊಮ್ಮೆ ತಿಳೀತು.

ಸಾಹೇಬ ಒಂದು ಹಾಳೆ ಮುಂದೆ ಸರಿಸಿದ. ಪೇಟೆಂಟಿನಲ್ಲಿ ಕಂಡುಹಿಡಿದವರು ಅನ್ನೋ ಜಾಗದಲ್ಲಿ, ಉರ್ಸುಲಾಬಾಯಿಯ ತಮ್ಮನ ಹೆಸರಿನ ಮೇಲೆ, ಈರಣ್ಣನ ಹೆಸರು ಟೈಪಾಗಿತ್ತು. ತಂದೆಯ ಹೆಸರು, ಅಡ್ಡಹೆಸರು ಸಮೇತ. ಈರಣ್ಣನಿಗೆ ಇಂಗ್ಲಿಷ್ ಬರದಿದ್ದರೂ ತನ್ನ ಹೆಸರಿನ ಅಕ್ಷರ ಗೊತ್ತು. ಬೆರಳಿಟ್ಟು ಒಂದೊಂದೇ ಮುಟ್ಟಿದ.

"ಪ್ರತಿಯಾಗಿ?" ಅಂದೆ.

ಪ್ರತಿಯಾಗಿ ಹೆಚ್ಚೇನಿಲ್ಲ. ಆ ನಲವತ್ತೊಂದು ಸಹಿಯ ಕಾಗದ ಅವರಲ್ಲೇ ಇರಲಿ; ಅದರ ಮಾತು ಮತ್ತೆಲ್ಲೂ ಎತ್ತಬಾರದು. ಈಗ ನನ್ನ ತಲೆಯಲ್ಲಿ ದೀಪ ಹತ್ತಿತು. ನಮ್ಮ ಪೇಟೆಂಟ್ ಕೊಂದ ಕಾಗದ ಇವರದನ್ನೂ ಕೊಲ್ಲುತ್ತದೆ.

"ಪೇಟೆಂಟ್ ಇಂಡಿಯಾದಲ್ಲೂ ತಗೋತೀರೇನು?"

"ಅವಶ್ಯ. ಮುಖ್ಯ ಮಾರುಕಟ್ಟೆಯೇ ಅದು."

"ಅಂದಮೇಲೆ ನನ್ನ ತಮ್ಮ ತನ್ನ ಅಂಗಡಿಯಲ್ಲಿ ಇದನ್ನ ಮಾಡಬಹುದೋ ಇಲ್ಲವೋ?"

"ಅವರಿಗೆ ನಾವು ಅನುಮತಿ ಕೊಡುತ್ತೇವೆ," ಅಂದ, ದೊಡ್ಡ ಮನಸ್ಸಿನಿಂದ.

"ಅವನು ಕಲಿಸಿದ ಬೇರೆ ಮೆಕ್ಯಾನಿಕ್‌ಗಳು?"

"ಅವರ ವಿಷಯ ಬೇರೆ."

ಈರಣ್ಣ ಹಾಳೆಯಿಂದ ಕಣ್ಣು ಎತ್ತಿರಲಿಲ್ಲ. ನಾಳೆ ಹೇಳುತ್ತೇವೆ ಅಂತ ಎದ್ದು ಬಂದೆವು. ಬಿಸ್ಕೀಟು ಒಂದೂ ಮುಟ್ಟಲಿಲ್ಲ ಅನ್ನೋದು ನನಗೆ ಈಗಲೂ ಹೆಮ್ಮೆ.

ನದಿಯ ದಂಡೆ

ಮರುದಿನ ಬೆಳಿಗ್ಗೆ ಅವನನ್ನು ಊರ ನಡುವಿನ ನದಿಯ ದಂಡೆಗೆ ಕರೆದೊಯ್ದೆ. ಬೆಂಚಿನ ಮೇಲೆ ಕೂತು, ಕಂಪನಿಯವನು ಹೇಳಿದ್ದನ್ನೆಲ್ಲ ಮತ್ತೊಮ್ಮೆ ಬಿಡಿಸಿ ಹೇಳಿದೆ. ಯಾವ ಕಡೆಗೂ ಜಗ್ಗಲಿಲ್ಲ. ಕೆಡಿಸಿದವಳು ನಾನು, ಇನ್ನು ಬುದ್ಧಿ ಹೇಳಲಿಕ್ಕೆ ಯಾವ ಮಾರಿ?

ಅಂವ ಜೇಬಿನ ಸ್ಕ್ರೂಡ್ರೈವರ್ ತೆಗೆದು ಬೆಂಚಿನ ಸಡಿಲ ಸ್ಕ್ರೂ ಬಿಗಿ ಮಾಡುತ್ತ ಕೇಳಿದ. "ಹಳಿಯಾಳದ ಮೌಲಾಸಾಬಗ ನಾನ ಕಲಿಸೇನಿ. ನಾಳೆ ಅಂವ ಯಾರದೋ ಸೆಟ್ಟಿಗೆ ಟಪ್ ಹಾಕಿದ್ರ ಕಳ್ಳ ಆಕ್ಕಾನೇನು?"

"ಆ ಕಾಗದದ ಪ್ರಕಾರ ಹೌದು."

"ಮತ್ತ ನನ್ನ ಹೆಸರಿನ ಕಾಗದ ಅದು."

"ಹೌದು."

"ಕೊಟ್ಟುಬಿಡೂಣು ಅಕ್ಕಾ, ನಿನ್ನ ಸರ್ಟಿಫಿಕೇಟ್ ಸರಕಾರಕ್ಕ."

"ಹೆಸರು ಬ್ಯಾಡೇನೋ?"

"ಬೇಕಾಗಿತ್ತು," ಅಂದ. ನೀರಿನ ಕಡೆ ತಿರುಗಿ ಮೂಗು ಸೀನಿದ.

ಪೇಟೆಂಟ್ ಕಚೇರಿ

ಯಾರು ಬೇಕಾದರೂ ಆಕ್ಷೇಪ ಸಲ್ಲಿಸಬಹುದಂತೆ. ಮುದುಕ ವಕೀಲರು ನಮಗೋಸ್ಕರ ಅದನ್ನು ತಮ್ಮ ಹೆಸರಿನಲ್ಲೇ ಬರೆದು, ತಾವೇ ಜೊತೆಗೆ ಬಂದರು. ಕೌಂಟರಿನಲ್ಲಿ ಕೂತ ಹೆಣ್ಣುಮಗಳು ಸರ್ಟಿಫಿಕೇಟಿನ ಪುಟ ತಿರುವುತ್ತ ಹೆಬ್ಬೆಟ್ಟಿನ ಹತ್ತಿರ ನಿಂತಳು.

"ಇದು ಮಸಿ ಚೆಲ್ಲಿದ್ದೇ?"

"ಅಲ್ಲ, ಚಹಾದಂಗಡಿಯವರು," ಅಂದೆ.

ಗುಂಡು ಶಿಕ್ಕಾ ಕಂಡ ಕೂಡಲೇ ಅವಳ ಮುಖ ತಿಳಿಯಾಯಿತು. ತನ್ನದೂ ಒಂದು ಶಿಕ್ಕಾ ತೆಗೆದು ಪಕ್ಕದಲ್ಲೇ ಒತ್ತಿದಳು, ಅಳತೆ ನೋಡಿ, ನೇರವಾಗಿ. ಹನ್ನೊಂದು ದಿನದಲ್ಲಿ ನನಗೆ ನಮ್ಮವರೇ ಅನ್ನಿಸಿದ ಜರ್ಮನ್ ಅಂದರೆ ಇವಳೊಬ್ಬಳು.

ಮತ್ತೆ ದಾಂಡೇಲಿ

ಮುಂದೆ ವರ್ಷದ ಮೇಲಾಯಿತು. ಅಷ್ಟರಲ್ಲಿ ಮೌಲಾಸಾಬ ಮುಂಡಗೋಡದವನೊಬ್ಬನಿಗೆ ಟಪ್ ಕಲಿಸಿದ್ದ. ಒಂದು ದಿನ ಶಾಲೆಗೆ ದಪ್ಪ ಲಕೋಟೆ ಬಂತು. ವಕೀಲರು ಕಚೇರಿಯ ತೀರ್ಪಿನ ಛಾಪಿಸಿದ ಪ್ರತಿ ಕಳಿಸಿದ್ದರು, ಇಂಗ್ಲಿಷ್ ಅನುವಾದದ ಜೊತೆ. ಕಂಪನಿಯ ಅರ್ಜಿ ವಜಾ. ಈ ಉಪಕರಣ ಮೊದಲೇ ಬಹಿರಂಗವಾಗಿ ಬಳಕೆಯಲ್ಲಿತ್ತು. ಇನ್ನು ಇದು ಯಾರೊಬ್ಬರದೂ ಅಲ್ಲ; ಈ ತೀರ್ಪು ತೋರಿಸಿದರೆ ಇಂಡಿಯಾದಲ್ಲೂ ಯಾರಿಗೂ ಪೇಟೆಂಟ್ ಸಿಗೂದಿಲ್ಲ ಅಂತ ವಕೀಲರು ಬರೆದಿದ್ದರು. ನಾನು ಬಿಡುವಿನ ಗಂಟೆಗೂ ಕಾಯದೆ ಅಂಗಡಿಗೆ ಓಡಿದೆ.

ಸಾಕ್ಷಿಗಳ ಹೆಸರನ್ನೆಲ್ಲ ಒಂದರ ಕೆಳಗೊಂದು ಛಾಪಿಸಿದ್ದರು. ಗಟ್ಟಿಯಾಗಿ ಓದಿದೆ. ಅಂತೋನ ಸಿದ್ದಿ. ಅನಮೋಡದ ಗುಮಾಸ್ತರು. ಅತ್ತಿವೇರಿಯ ಮಾಸ್ತರರು, ಪದವಿ ಸಮೇತ. ಚಹಾದಂಗಡಿಯವರನ್ನು ಕರೆದು ಅವರ ಹೆಸರು ತೋರಿಸಿದೆವು. ಅವರು ಕಾಗದವನ್ನು ಕಣ್ಣಿಗೆ ಒತ್ತಿಕೊಂಡರು. ನಲವತ್ತೊಂದೂ ಮುಗಿಯಿತು. ಈರಣ್ಣ ಇನ್ನೂ ಕಾಯುತ್ತಿದ್ದ.

"ನಂದು ಎಲ್ಲೈತಕ್ಕಾ?"

ಪುಟ ಹಿಂದೆ ತಿರುವಿದೆ, ಮುಂದೆ ತಿರುವಿದೆ. ಮಾಡಿದವನು ಸಾಕ್ಷಿ ಹಾಕುವಂತಿಲ್ಲ ಅಂತ ಅವನಿಂದ ಸಹಿ ಹಾಕಿಸಿರಲಿಲ್ಲ. ಉಳಿದದ್ದು ನಾನು ಬರೆದ ಒಕ್ಕಣೆ. ಕೋರ್ಟು ಕಚೇರಿಯ ಗತ್ತು ಇರಲಿ ಅಂತ ನಾನು ಮೊದಲಿಂದ ಕೊನೆಯವರೆಗೆ "ಸದರಿ ಮೆಕ್ಯಾನಿಕ್, ಸದರಿ ಮೆಕ್ಯಾನಿಕ್" ಅಂತಲೇ ಬರೆದಿದ್ದೆ. ಕಚೇರಿಯವರು ಅದನ್ನೇ ತಗೊಂಡು "ಒಬ್ಬ ಸ್ಥಳೀಯ ಮೆಕ್ಯಾನಿಕ್" ಅಂತ ಛಾಪಿಸಿದ್ದರು. ಮೂರು ತಾಲೂಕಿನ ಹೆಸರೆಲ್ಲ ಜರ್ಮನಿಯಲ್ಲಿ ಛಾಪಾಗಿ, ಅವನೊಬ್ಬನದು ಬಿಟ್ಟುಹೋಗಿತ್ತು. ಬಿಡಿಸಿದ್ದು ಕಂಪನಿ ಅಲ್ಲ, ನಾನು.

ಹೇಳಿದೆ. ಅಂಗಡಿಯ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ, ಗಿರಾಕಿಗಳ ಮುಂದೆಯೇ. ಈರಣ್ಣ ಕಾಗದವನ್ನು ನನ್ನ ಕೈಯಿಂದ ತಗೊಂಡ. ಆಮೇಲೆ ಜೇಬಿನಿಂದ ಪೆನ್ನು ತೆಗೆದು, "ಒಬ್ಬ ಸ್ಥಳೀಯ ಮೆಕ್ಯಾನಿಕ್" ಅನ್ನೋದರ ಪಕ್ಕ, ಅಂಚಿನಲ್ಲಿ, ತನ್ನ ಹೆಸರು ಕನ್ನಡದಲ್ಲಿ ಬರೆದು, ಕಾಗದ ನನ್ನ ಕಡೆ ತಿರುಗಿಸಿದ.

"ಇದಕ್ಕ ಅಟೆಸ್ಟ್ ಮಾಡು."

"ನಾ ಗೆಜೆಟೆಡ್ ಅಲ್ಲೋ, ಹುಚ್ಚಪ್ಪಾ."

"ನೀ ಅಕ್ಕ ಅದೀ. ಸಾಕು."

ಮೂಗು ಒರೆಸಿಕೊಂಡು ಸಹಿ ಹಾಕಿದೆ. ಕೆಳಗೆ ತಾರೀಖು ಬರೆದು, ಸ್ಥಳ: ದಾಂಡೇಲಿ ಅಂತ ಬರೆದೆ.